ವೈರಸ್ಸಿಗೆ ಫಾಸ್ಟ್ಯಾಗ್ ಇಲ್ಲ

ಇದು ನಾನು 2021ರ ಜೂನಲ್ಲಿ, ಕೊರೊನಾ ಲಾಕ್‌ಡೌನ್ ಟೈಮಲ್ಲಿ ಬರೆದಿದ್ದು. ಈ ಜೂನ್ 14ರಿಂದ ವೈರಸ್ಸು ಜಿಲ್ಲಾವಾರು ಡ್ಯೂಟಿಗೆ ಬಿದ್ದಿದೆ. 11 ಜಿಲ್ಲೆಗೆ ಬೀಗ ಹಂಗೇ ಇರ್ಲಿ, ಉಳಿದವಕ್ಕೆ ಅನ್‌ಲಾಕ್ ಅಂತ ಆರ್ಡರ್ ಆಗಿದೆ, ಆ ಹನ್ನೊಂದರಲ್ಲಿ ದಾವಣಗೆರೆ ಇದೆ, ಚಿತ್ರದುರ್ಗ ಇಲ್ಲ. ಹಂಗಾಗಿ ಚಿತ್ರದುರ್ಗ ಜಿಲ್ಲೆ ಭರಮಸಾಗರದಲ್ಲಿ ಕಿರಾಣಿ ಅಂಗಡಿ ಮಧ್ಯಾಹ್ನ 2ರ ತನಕ ತೆಗ್ದಿರುತ್ತೆ, ದಾವಣಗೆರೆ ಜಿಲ್ಲೆ ಆನಗೋಡಲ್ಲಿ ಬೆಳಿಗ್ಗೆ 10ಕ್ಕೇ ಶಟರ್ರು. ಎರಡೂ ಇರೋದು ಅದೇ ಹೈವೇ ಮೇಲೆ, ನಡುವೆ ಹೆಬ್ಬಾಳು ಟೋಲು. ಅಂದ್ರೆ ಹತ್ತರಿಂದ ಎರಡರ ತನಕ ವೈರಸ್ಸು ಟೋಲಿನ ಈ ಕಡೆ ಮಾತ್ರ ಓಡಾಡ್ಕೊಂಡಿರಬೇಕು, ಆ ಕಡೆ ದಾಟೋಕೆ ಅದಕ್ಕೆ ಫಾಸ್ಟ್ಯಾಗ್ ಇಲ್ವಲ್ಲ. ಫೆಬ್ರವರಿಯಿಂದ ಕಂಪಲ್ಸರಿ ಬೇರೆ.

ನಮ್ಮೂರು ಈ ಗಡಿಗೆ ಅಂಟ್ಕೊಂಡೇ ಇದೆ. ನಮ್ಮ ಹೊಲದ ಬದು ದಾಟಿ ಸ್ವಲ್ಪ ನಡೆದ್ರೆ ಚಿತ್ರದುರ್ಗ ಜಿಲ್ಲೆ, ಅಲ್ಲಿ ನಮ್ಮ ಮಾವನ ಊರು, ಮಾವನ ಅಂಗಡಿ. ಆ ಅಂಗಡಿಗೆ ಎರಡರ ತನಕ ಪರ್ಮಿಷನ್ನು. ನಮ್ಮೂರಲ್ಲಿ ಹತ್ತೂ ಕಾಲಿಗೆ ಸಕ್ಕರೆ ಕೇಳಿದ್ರೆ ಅಪರಾಧ, ಬದುವಿನ ಆಚೆ ಅದೇ ಸಕ್ಕರೆ ಮಾರಿದ್ರೆ ಕಾನೂನು ಪ್ರಕಾರ ಎಲ್ಲಾ ಸರಿ. ಮೊನ್ನೆ ಅಜ್ಜ ಕಟ್ಟೆ ಮೇಲೆ ಕೂತ್ಕೊಂಡು ಕೇಳಿದ, "ಲೇ ತಮ್ಮಾ, ಹತ್ತಕ್ಕೆ ಬರೋದು ವೈರಸ್ಸೋ ಪೊಲೀಸ್ರೋ?" ನಾನು ಬಿ.ಕಾಂ. ಫೈನಲ್ ಇಯರ್, ಇದು ನಮ್ಮ ಸಿಲಬಸ್ಸಲ್ಲಿಲ್ಲ.

ಇನ್ನು ನಮ್ಮ ದಿನಚರಿ. ಬೆಳಿಗ್ಗೆ ಆರಕ್ಕೇ ಏಳಬೇಕು, ಓದೋಕಲ್ಲ. ಬೇಳೆ, ಎಣ್ಣೆ, ಬಿತ್ತನೆ ಬೀಜ, ಅಜ್ಜನ ಬಿಪಿ ಗುಳಿಗೆ, ಅವ್ವನ ಎಲೆ ಅಡಿಕೆ ಎಲ್ಲಾ ನಾಲ್ಕು ಗಂಟೆಯೊಳಗೆ ಮುಗೀಬೇಕು. ಮೊದ್ಲೆಲ್ಲ ಇಡೀ ದಿನ ಚೆದುರಿ ಬರ್ತಿದ್ದ ಜನ ಈಗ ಒಟ್ಟಿಗೇ ಬರ್ತಾರೆ, ಒಬ್ರ ಭುಜಕ್ಕೆ ಒಬ್ರು ಒರಗಿ ಅಂತರ ಕಾಪಾಡ್ತಾರೆ, ಅಂಗಡಿ ಮುಂದೆ ಸುಣ್ಣದಲ್ಲಿ ಬರೆದ ರೌಂಡುಗಳಲ್ಲಿ ನಾಯಿಗಳು ಮಾತ್ರ ರೂಲ್ಸ್ ಪ್ರಕಾರ ಮಲಗಿರ್ತವೆ. ಮೇ ತಿಂಗಳಲ್ಲಿ ಇನ್ನೂ ಚೆನ್ನಾಗಿತ್ತು. ಮೊದ್ಲು ಅಂಗಡಿಗೆ ನಡ್ಕೊಂಡೇ ಹೋಗ್ಬೇಕು ಗಾಡಿ ತಂದ್ರೆ ಸೀಜ್ ಅಂದ್ರು, ಜನ ಬೈದ ಮೇಲೆ ಹತ್ರದ ಅಂಗಡಿಗೆ ಗಾಡೀಲಿ ಹೋಗ್ಬೋದು ಅಂದ್ರು. ಬ್ರಾಂದಿ ಅಂಗಡಿಗೂ ಬೆಳಿಗ್ಗೆ ಆರರಿಂದ ಹತ್ತು, ಪಾರ್ಸೆಲ್ ಮಾತ್ರ. ಹಾಲಿನ ಡೈರಿಗೆ ಹೋಗೋರೂ ಅಲ್ಲಿಗೆ ಹೋಗೋರೂ ಒಂದೇ ಟೈಮಿಗೆ ಎದುರು ಸಿಕ್ಕಿ ನಮಸ್ಕಾರ ಮಾಡ್ಕೊಳ್ಳೋದನ್ನ ನಾನು ಅದಕ್ಕೂ ಮುಂಚೆ ನೋಡಿರ್ಲಿಲ್ಲ. ಲೈಬ್ರರಿ ಮಾತ್ರ ಬಂದ್, ಯಾಕಂದ್ರೆ ಅಲ್ಲಿ ಜನ ಸೇರ್ತಾರಂತೆ, ನಮ್ಮ ಲೈಬ್ರರಿ ನೋಡಿದವ್ರು ಯಾರೂ ಆ ಮಾತು ಹೇಳೋಕೆ ಸಾಧ್ಯ ಇಲ್ಲ.

ಒಂಬತ್ತೂವರೆಗೆ ಕ್ಲಾಸು. ಅಂದ್ರೆ ಕ್ಯೂನಲ್ಲಿ ನನ್ನ ಪಾಳಿ ಬರೋ ಹೊತ್ತಿಗೆ ಸರಿಯಾಗಿ ಕಾಸ್ಟ್ ಅಕೌಂಟಿಂಗ್ ಶುರು. ಒಂದು ಕಿವಿಲಿ ಸರ್ರು ಓವರ್‌ಹೆಡ್ ಅಂತಾರೆ, ಇನ್ನೊಂದು ಕಿವಿಲಿ ಅಂಗಡಿ ಅಣ್ಣ "ಪಾಮ್ ಆಯಿಲ್ ರೇಟ್ ಜಾಸ್ತಿ ಆಗೇತಿ" ಅಂತಾನೆ, ನಿಜ ಹೇಳ್ಬೇಕಂದ್ರೆ ಕಾಸ್ಟ್ ಏನು ಅಂತ ನಂಗೆ ಅರ್ಥ ಆಗಿದ್ದು ಅಣ್ಣನ ಕಡೆಯಿಂದ. ಫ್ರೀ ಝೂಮಲ್ಲಿ 40 ನಿಮಿಷಕ್ಕೆ ಮೀಟಿಂಗ್ ಕಟ್ಟಾಗುತ್ತೆ. ಅದರಲ್ಲಿ ಅರ್ಧ ಹಾಜರಿಗೆ ಹೋಗುತ್ತೆ, ಯಾಕಂದ್ರೆ 75 ಪರ್ಸೆಂಟ್ ಅಟೆಂಡೆನ್ಸ್ ರೂಲು ಲಾಕ್‌ಡೌನಲ್ಲೂ ಸಾಯ್ಲಿಲ್ಲ. ಉಳಿದಿದ್ರಲ್ಲಿ "ನನ್ನ ವಾಯ್ಸ್ ಕೇಳ್ತಿದೆಯೇನ್ರಪ್ಪ" ಒಂದಷ್ಟು, ಆಮೇಲೆ ಯಾರದ್ದೋ ಮನೆ ಎಮ್ಮೆ, ಯಾರದ್ದೋ ಕುಕ್ಕರ್ ವಿಷಲ್ಲು, ಆಮೇಲೆ ಬರುತ್ತೆ ಮುಖ್ಯ ಘಟ್ಟ: "ಎಲ್ರೂ ಕ್ಯಾಮೆರಾ ಆನ್ ಮಾಡ್ರಪ್ಪ, ಸ್ಕ್ರೀನ್‌ಶಾಟ್ ಕಳಿಸ್ಬೇಕು ಮೇಲಕ್ಕೆ." ಪಟಪಟ ಮುಖ ಬರ್ತವೆ, ಸರ್ರು ಫೋಟೋ ಹೊಡಿತಾರೆ, ಪಟಪಟ ಮುಖ ಆಫು. ಆವತ್ತಿನ ಉನ್ನತ ಶಿಕ್ಷಣ ಅಲ್ಲಿಗೆ ಮುಗೀತು. ಸರ್ರನ್ನ ಬೈಯಲ್ಲ ನಾನು, ಅವ್ರೂ ಗೆಸ್ಟ್ ಲೆಕ್ಚರರ್ರು, ಸಂಬಳ ಆಗಿ ಎಷ್ಟು ತಿಂಗಳಾಯ್ತೋ, ಅವ್ರ ನೆಟ್ ಪ್ಯಾಕು ಅವ್ರೇ ಹಾಕಿಸ್ಕೊಂಡು ಪಾಪ ಪುಸ್ತಕನ ಕ್ಯಾಮೆರಾಕ್ಕೆ ಹಿಡಿದು ಲೆಕ್ಕ ತೋರಿಸ್ತಾರೆ, ಅವ್ರ ಸ್ಕ್ರೀನಲ್ಲಿ ಅವ್ರಿಗೇ ಅದು ಕನ್ನಡೀಲಿ ತೋರಿಸಿದಂಗೆ ಉಲ್ಟಾ ಕಾಣುತ್ತೆ.

ನೆಟ್‌ವರ್ಕಿನ ಕತೆ ಇನ್ನೂ ದೊಡ್ಡದು. ಮನೇಲಿ ಒಂದು ಕಡ್ಡಿ ಬಂದು ಹೋಗುತ್ತೆ. ಚೆನ್ನಾಗಿ ಸಿಗೋದು ಹೊಲದ ಬದುವಿನ ಹತ್ರ, ಭರಮಸಾಗರದ ಕಡೆ ಮುಖ ಮಾಡಿ ನಿಂತ್ರೆ. ಅಂದ್ರೆ ನಾನು ಲಾಕ್‌ಡೌನ್ ಜಿಲ್ಲೇಲಿ, ನನ್ನ ಸಿಗ್ನಲ್ಲು ಅನ್‌ಲಾಕ್ ಜಿಲ್ಲೇಲಿ. ಇದು ಆರ್ಡರ್ ಉಲ್ಲಂಘನೆ ಆಗುತ್ತಾ ಅಂತ ಯಾರನ್ನ ಕೇಳೋದು. ಅಲ್ಲಿ ನಿಂತಾಗ ಅಪ್ಪ ಸುಮ್ನೆ ಬಿಡ್ತಾನಾ, ಹೆಂಗೂ ನಿಂತಿದೀಯಲ್ಲ ಅಂತ ಮೆಕ್ಕೆಜೋಳದ ಬೀಜದ ಚೀಲ ಕೈಗೆ ಕೊಡ್ತಾನೆ. ಕಿವಿಲಿ ಇನ್‌ಕಮ್ ಟ್ಯಾಕ್ಸು, ಕೈಲಿ ಬಿತ್ತನೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ಸರ್ರು ಹೇಳಿದಾಗ ನಾನು ಅಪ್ಪಂಗೆ ಕೂಗಿ ಹೇಳಿದೆ. "ಆದಾಯ ಬಂದ್ರೆ ತಾನೆ" ಅಂದ.

ಇದೆಲ್ಲ ಈ ವರ್ಷದ್ದು ಮಾತ್ರ ಅಂದ್ಕೋಬೇಡಿ, ವೈರಸ್ಸಿನ ಟೈಂಟೇಬಲ್ಲು ಹೋದ ವರ್ಷಾನೇ ರೆಡಿ ಆಗಿತ್ತು. 2020ರ ಡಿಸೆಂಬರ್ 22ಕ್ಕೆ ಗ್ರಾಮ ಪಂಚಾಯ್ತಿ ಮೊದಲನೇ ಹಂತದ ಓಟು ಮುಗೀತು, 23ಕ್ಕೆ ರಾತ್ರಿ ಹತ್ತರಿಂದ ಕರ್ಫ್ಯೂ ಅಂದ್ರು, ಆಮೇಲೆ ಹತ್ತಲ್ಲ ಹನ್ನೊಂದು, 23 ಅಲ್ಲ 24ರಿಂದ ಅಂದ್ರು, 24ಕ್ಕೆ ಕರ್ಫ್ಯೂನೇ ಇಲ್ಲ ಅಂದ್ರು. ಹುಟ್ಟೋ ಮುಂಚೆನೇ ಸತ್ತ ಕರ್ಫ್ಯೂ ಅದು. ಎರಡನೇ ಹಂತದ ಓಟು 27ಕ್ಕೆ ನಿರಾಳವಾಗಿ ನಡೀತು. ಅದಕ್ಕೂ ಮುಂಚೆ ನವೆಂಬರ್ 17ಕ್ಕೆ ಕಾಲೇಜು ತೆಗೆದಾಗ ಒಳಗೆ ಬರೋಕೆ ಕೋವಿಡ್ ನೆಗೆಟಿವ್ ರಿಪೋರ್ಟ್ ಬೇಕು, ಜೊತೆಗೆ ಅಪ್ಪ ಅವ್ವನ ಒಪ್ಪಿಗೆ ಪತ್ರ. 18 ತುಂಬಿದವನು ಪಂಚಾಯ್ತಿಗೆ ಮೆಂಬರ್‌ನ ಆರಿಸ್ಬೋದು, ಕ್ಲಾಸಿಗೆ ಬರೋಕೆ ಅಪ್ಪನ ಹೆಬ್ಬೆಟ್ಟು ಬೇಕು. ರಿಪೋರ್ಟ್ ಜೇಬಲ್ಲಿ ಇಟ್ಕೊಂಡು ಬಸ್ಸಲ್ಲಿ ಜೋತಾಡ್ಕೊಂಡು ಹೋದ್ರೆ ಯಾರೂ ಕೇಳಲ್ಲ, ಯಾಕಂದ್ರೆ ರಿಪೋರ್ಟ್ ನೆಗೆಟಿವ್ ಇದೆಯಲ್ಲ.

ಪರೀಕ್ಷೇನೂ ಹಂಗೇ. 2020ರಲ್ಲಿ ಫೈನಲ್ ಇಯರ್ ಬಿಟ್ಟು ಉಳಿದವ್ರಿಗೆ ಪರೀಕ್ಷೆ ಇಲ್ಲ, ಅರ್ಧ ಮಾರ್ಕ್ಸು ಇಂಟರ್ನಲ್ಲಿಂದ, ಅರ್ಧ ಹಿಂದಿನ ಸೆಮ್‌ನಿಂದ ಅಂದ್ರು. ಹಿಂದಿನ ಸೆಮ್ಮಲ್ಲಿ ನಾನು ಹೆಂಗೆ ಬರೆದಿದ್ದೆ ಅಂತ ನಂಗೆ ಗೊತ್ತು, ಆದ್ರೂ ಪಾಸು. ನಮ್ಮ ಸೀನಿಯರ್ಸ್ ಮಾತ್ರ ಸುಪ್ರೀಂ ಕೋರ್ಟಿನ ಆಗಸ್ಟ್ 28ರ ತೀರ್ಪು ಬಂದ ಮೇಲೆ ಮಾಸ್ಕ್ ಹಾಕ್ಕೊಂಡು ಬರೆದ್ರು. ಈಗ ನಾವೇ ಸೀನಿಯರ್ಸು.

ಅದಕ್ಕೇ ನಿನ್ನೆ ರಾತ್ರಿ ಕ್ಲಾಸ್ ಗ್ರೂಪಲ್ಲಿ ನೋಟೀಸು ಬಿತ್ತು. ಪರೀಕ್ಷಾ ಶುಲ್ಕ ಕಟ್ಟಲು ಎಲ್ಲರೂ ನಾಳೆ ಖುದ್ದಾಗಿ ಆಫೀಸಿಗೆ ಬರತಕ್ಕದ್ದು, ಸಮಯ ಬೆಳಿಗ್ಗೆ 10.30ರಿಂದ, ಕೋವಿಡ್ ನಿಯಮ ಕಡ್ಡಾಯ. ಕೋವಿಡ್ ನಿಯಮದ ಪ್ರಕಾರ ಹತ್ತರ ಮೇಲೆ ರೋಡಿಗೆ ಇಳಿಯಂಗಿಲ್ಲ ಅಂತ ಒಬ್ಬ ರಿಪ್ಲೈ ಹಾಕಿದ, ಅಡ್ಮಿನ್ನು ತಕ್ಷಣ ಗ್ರೂಪ್‌ನ 'ಓನ್ಲಿ ಅಡ್ಮಿನ್' ಮಾಡಿದ್ರು. ಆಮೇಲೆ ಹುಡುಗ್ರದ್ದೇ ಬೇರೆ ಗ್ರೂಪಲ್ಲಿ ರಾತ್ರಿ ಎಲ್ಲಾ ಚರ್ಚೆ ನಡೆದು ದಾರಿ ಸಿಕ್ತು, ಕೃಷಿ ಕೆಲಸಕ್ಕೆ ವಿನಾಯ್ತಿ ಇದೆ. ಹಂಗಾಗಿ ಇವತ್ತು ಹತ್ತೂವರೆಗೆ ಪಿ.ಬಿ. ರೋಡಲ್ಲಿ ಬೈಕಿನ ಹಿಂದೆ ಖಾಲಿ ಯೂರಿಯಾ ಚೀಲ ಕಟ್ಕೊಂಡು, ಜೇಬಲ್ಲಿ ಶುಲ್ಕದ ದುಡ್ಡು ಇಟ್ಕೊಂಡು, ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು ಸಾಲಾಗಿ ಹೋಗ್ತಿರೋ ರೈತರು ಕಂಡ್ರೆ ಅದು ಬಿ.ಕಾಂ. ಫೈನಲ್ ಇಯರ್ 'ಬಿ' ಸೆಕ್ಷನ್ನು.