ಜಕ್ಕೂರಿನಲ್ಲೂ ಹಳೇ ವಿಮಾನಗಳು ಇಳಿಯಲಿ

ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನಲ್ಲಿ ಓಲ್ಡ್ ವಾರ್ಡನ್ ಎಂಬ ಹಳ್ಳಿಗೆ ಅಂಟಿಕೊಂಡು ಒಂದು ಹುಲ್ಲಿನ ಏರ್‌ಫೀಲ್ಡ್ ಇದೆ. ರಿಚರ್ಡ್ ಷಟಲ್‌ವರ್ತ್ ಎಂಬ ಶ್ರೀಮಂತ ಮನೆತನದ ಯುವಕ ಅಲ್ಲಿ ಹಳೇ ವಿಮಾನಗಳನ್ನು ಕೂಡಿಹಾಕಿದ್ದ. 1940ರಲ್ಲಿ ವಾಯುಪಡೆಯ ತರಬೇತಿ ಹಾರಾಟದಲ್ಲಿ ಅವನು ತೀರಿಕೊಂಡ ಮೇಲೆ ಅವನ ತಾಯಿ ಟ್ರಸ್ಟ್ ಕಟ್ಟಿದರು. 1909ರ ಬ್ಲೆರಿಯೊ ವಿಮಾನ ಈಗಲೂ ಅಲ್ಲಿದೆ. ಎಸೆಕ್ಸ್‌ನ ಸ್ಟೋ ಮೇರೀಸ್ ಇನ್ನೊಂದು ಇಂಥ ಜಾಗ. ಬಾಂಬು ಹಾಕಲು ಬರುತ್ತಿದ್ದ ಜರ್ಮನಿಯ ಜೆಪ್ಪೆಲಿನ್ ವಾಯುನೌಕೆಗಳನ್ನು ತಡೆಯಲು 1916ರಲ್ಲಿ ಮಾಡಿದ ಆ ಏರ್‌ಫೀಲ್ಡಿನ ಇಟ್ಟಿಗೆ ಕಟ್ಟಡಗಳಲ್ಲಿ ಎಷ್ಟೋ ಇವತ್ತಿಗೂ ನಿಂತಿವೆ.

ಇಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿ, ಇಂಥ ಕಡೆ ಹಳೇ ವಿಮಾನಗಳ ಹಬ್ಬಗಳು ನಡೆಯುವ ರೀತಿಯನ್ನು ಬಲ್ಲ ಕನ್ನಡಿಗನಾಗಿ ನಾನು ಹೇಳುವುದು ಇಷ್ಟೇ: ಇಂಥದೊಂದು ಹಬ್ಬ ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡಿನಲ್ಲಿ ಆಗಬೇಕು, ಆಗಲು ಸಾಧ್ಯವೂ ಇದೆ. ಆದರೆ ಅದನ್ನು ಯಲಹಂಕದ ಏರೋ ಇಂಡಿಯಾದ ಮರಿಯಂತೆ ಮಾಡಲು ಹೊರಟರೆ ಕೆಡುತ್ತದೆ. 1996ರಿಂದ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನೋಡಿದ ನಮಗೆ ವಿಮಾನದ ಹಬ್ಬವೆಂದರೆ ಜೆಟ್ಟಿನ ಅಬ್ಬರ, ಪಾಸು, ಬಂದೋಬಸ್ತು. ಹಳೇ ವಿಮಾನಗಳಿಗೆ ಬೇಕಾದ ಏರ್ಪಾಡೇ ಬೇರೆ.

ಮೊದಲು ತೀರ್ಮಾನ ಆಗಬೇಕಾದದ್ದು, ಇದು ಫ್ಲೈ-ಇನ್ನೋ ಡಿಸ್‌ಪ್ಲೇಯೋ ಎಂಬುದು. ಫ್ಲೈ-ಇನ್ ಎಂದರೆ ವಿಮಾನಗಳು ಮೊದಲೇ ಒಪ್ಪಿಗೆ ಪಡೆದು ಬಂದು ಇಳಿಯುತ್ತವೆ, ಜನ ಹತ್ತಿರದಿಂದ ನೋಡುತ್ತಾರೆ, ಸಂಜೆಗೆ ಅವು ಹಾರಿ ಹೋಗುತ್ತವೆ. ಜನರ ರಂಜನೆಗೆಂದೇ ಹಾರಿಸಿ, ಜಾಹೀರಾತು ಕೊಟ್ಟು ಕರೆದರೆ ಅದು ಡಿಸ್‌ಪ್ಲೇ. ಬ್ರಿಟನ್ನಿನಲ್ಲಿ ಡಿಸ್‌ಪ್ಲೇಗೆ ಅಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರದ ಅನುಮತಿ ಬೇಕು. ಕ್ಯಾಪ್ 403 ಎಂಬ ಅವರ ಕೈಪಿಡಿಯಂತೆ ಹಾರಾಟಕ್ಕೆಲ್ಲ ಜವಾಬ್ದಾರನಾದ ಒಬ್ಬ ಫ್ಲೈಯಿಂಗ್ ಡಿಸ್‌ಪ್ಲೇ ಡೈರೆಕ್ಟರ್ ಇರಬೇಕು. ಹಾರಾಟವನ್ನು ಯಾವ ಕ್ಷಣದಲ್ಲಾದರೂ ನಿಲ್ಲಿಸುವ ಅಧಿಕಾರ ಅವನದು, ಅವನ ಮಾತಿನ ಮೇಲೆ ಮಾತಿಲ್ಲ. ಹಣ ಕೊಟ್ಟ ಪ್ರಾಯೋಜಕ ಕೂಡ ಅವನ ತೀರ್ಮಾನ ಬದಲಿಸಲಾರ.

ಈ ಬಿಗಿಗೆ ಕಾರಣವಿದೆ. 2015ರ ಆಗಸ್ಟ್ 22ರಂದು ಶೋರ್‌ಹ್ಯಾಮ್‌ನ ಹಳೇ ಏರ್‌ಫೀಲ್ಡಿನ ಪ್ರದರ್ಶನದಲ್ಲಿ ಹಾಕರ್ ಹಂಟರ್ ಜೆಟ್ ಲೂಪ್, ಅಂದರೆ ಆಕಾಶದಲ್ಲಿ ಮೇಲೆ ಕೆಳಗೆ ಒಂದು ಪೂರ್ತಿ ಸುತ್ತು, ಹೊಡೆಯಲು ಹೋಗಿ ನೆಲಕ್ಕಪ್ಪಳಿಸಿತು. ಸತ್ತವರು 11 ಮಂದಿ. ಅವರಲ್ಲಿ ಒಬ್ಬರೂ ಏರ್‌ಫೀಲ್ಡಿನ ಒಳಗಿರಲಿಲ್ಲ, ಎಲ್ಲರೂ ಹೊರಗಿನ ಎ27 ಹೆದ್ದಾರಿಯಲ್ಲಿ ಇಲ್ಲವೇ ಅದರ ಅಂಚಿನಲ್ಲಿ ಇದ್ದವರು. ಅಲ್ಲಿಂದ ಮುಂದೆ ಬೇಲಿಯಾಚೆ ರಸ್ತೆಯಲ್ಲಿ ಯಾರು ನಿಲ್ಲುತ್ತಾರೆ, ಸಿಗ್ನಲ್‌ನಲ್ಲಿ ಎಷ್ಟು ಕಾರು ಸಾಲುಗಟ್ಟುತ್ತವೆ ಎನ್ನುವುದೂ ಆಯೋಜಕನ ಅಪಾಯದ ಪಟ್ಟಿಗೆ ಸೇರಿತು. ಜಕ್ಕೂರನ್ನು ಬಲ್ಲವರಿಗೆ ಇದರ ತೂಕ ಬಿಡಿಸಿ ಹೇಳಬೇಕಿಲ್ಲ: ಮೈದಾನದ ಮಗ್ಗುಲಲ್ಲೇ ಬಳ್ಳಾರಿ ರಸ್ತೆ, ಅದರ ಮೇಲೆ ಮೇಲ್ಸೇತುವೆ, ಸುತ್ತ ಮನೆಗಳು. ಅದಕ್ಕೇ ಜಕ್ಕೂರಿನಲ್ಲಿ ಡಿಸ್‌ಪ್ಲೇ ಬೇಡವೆನ್ನುತ್ತೇನೆ. ಒಂದು ಲೂಪ್ ಬೇಡ, ತಗ್ಗಿನಲ್ಲಿ ರೊಯ್ಯನೆ ಹಾದುಹೋಗುವುದೂ ಬೇಡ. ಬಂದಿಳಿಯುವುದು, ಏರಿ ಹೋಗುವುದು ಅಷ್ಟೇ ಸಾಕು. ಫ್ಲೈ-ಇನ್ ಕೆಡುವುದು ಹೆಚ್ಚಾಗಿ ಜನರನ್ನು ಕಂಡ ಉಮೇದಿನಲ್ಲಿ ಯಾರೋ ಒಬ್ಬ ಪೈಲಟ್ ತೋರಿಸುವ ಚಮತ್ಕಾರದಿಂದ. ಹಾಗೆ ಮಾಡಿದವನಿಗೆ ಮುಂದಿನ ವರ್ಷ ಕರೆಯಿಲ್ಲ ಎಂದು ಒಪ್ಪಿಗೆ ಪತ್ರದಲ್ಲೇ ಬರೆದುಬಿಡಬೇಕು.

ಇನ್ನು ನೆಲದ ವಿಷಯ. ಹಳೇ ಏರ್‌ಫೀಲ್ಡುಗಳು ಹೆಸರಿಗೆ ತಕ್ಕಂತೆ ಬಯಲುಗಳೇ ಆಗಿದ್ದವು. ಗಾಳಿ ಯಾವ ಕಡೆಯಿಂದ ಬೀಸಿದರೆ ಆ ಕಡೆ ಮುಖ ಮಾಡಿ ಇಳಿಯುತ್ತಿದ್ದರು. ಟೈಗರ್ ಮಾತ್‌ನಂಥ, ಮೇಲೊಂದು ಕೆಳಗೊಂದು ರೆಕ್ಕೆಯ ಹಳೇ ತರಬೇತಿ ವಿಮಾನಕ್ಕೆ ಬ್ರೇಕ್ ಇಲ್ಲ, ಬಾಲದಡಿ ಗಾಲಿಯ ಬದಲು ನೆಲಕ್ಕೆ ಉಜ್ಜುವ ಒಂದು ಸ್ಕಿಡ್ ಇದೆ. ಹುಲ್ಲಿನಲ್ಲಿ ಆ ಸ್ಕಿಡ್ ನೆಲವನ್ನು ಕಚ್ಚಿಕೊಂಡು ಬ್ರೇಕಿನ ಕೆಲಸ ಮಾಡುತ್ತದೆ. ಟಾರಿನ ಮೇಲೆ ಅದು ಜಾರುತ್ತದೆ, ಸವೆಯುತ್ತದೆ, ವಿಮಾನ ಹಿಡಿತಕ್ಕೆ ಸಿಗುವುದಿಲ್ಲ. ಅಡ್ಡಗಾಳಿ 10 ನಾಟ್ (ಗಂಟೆಗೆ ಸುಮಾರು 18 ಕಿಲೋಮೀಟರ್) ಸಮೀಪಿಸಿದರೆ ಅನುಭವಿಗಳೂ ಹಿಂದೆ ಸರಿಯುತ್ತಾರೆ. ಆದ್ದರಿಂದ ಜಕ್ಕೂರಿನ ಟಾರು ರನ್‌ವೇ ಪಕ್ಕದಲ್ಲೊಂದು ಹುಲ್ಲುಪಟ್ಟಿ ಆಗದೆ ಈ ಹಬ್ಬ ಆಗದು. ಎಚ್‌ಎಎಲ್ ಕಟ್ಟಿದ ಪುಷ್ಪಕ್‌ಗೆ ಬಾಲದಲ್ಲಿ ಗಾಲಿಯಿದೆ, ಅದು ಟಾರಿನಲ್ಲೂ ನಿಭಾಯಿಸುತ್ತದೆ. ಸ್ಕಿಡ್ಡಿನವಕ್ಕೆ ಹುಲ್ಲೇ ಬೇಕು.

ಹುಲ್ಲುಪಟ್ಟಿ ಸರಿಯಿದೆಯೋ ಇಲ್ಲವೋ ನೋಡಲು ಇಂಗ್ಲೆಂಡಿನವರು ಅದರ ಮೇಲೆ ಕಾರು ಓಡಿಸುತ್ತಾರೆ. ಗಂಟೆಗೆ 50 ಕಿಲೋಮೀಟರಿನಲ್ಲಿ ಕುಲುಕಾಟವಿಲ್ಲದೆ ಹೋದರೆ ಸರಿ. ಆಮೇಲೆ ನಾಲ್ಕು ಜನ ಸಾಲಾಗಿ ನಡೆದು ಬಿಲ, ಕಲ್ಲು, ತಂತಿ ಹುಡುಕುತ್ತಾರೆ. ಇಂಗ್ಲೆಂಡಿನಲ್ಲಿ ಮೊಲದ ಬಿಲ, ನಮ್ಮಲ್ಲಿ ಹೆಗ್ಗಣದ್ದು.

ಎತ್ತರದ ಲೆಕ್ಕವನ್ನು ಯಾರೂ ಬಿಡಬಾರದು. ಬ್ರಿಟನ್ನಿನ ಸುರಕ್ಷತಾ ಕೈಪಿಡಿಯ ಪ್ರಕಾರ ಟೇಕಾಫ್‌ಗೆ ಬೇಕಾದ ದೂರವನ್ನು ಪ್ರತಿ 1,000 ಅಡಿ ಎತ್ತರಕ್ಕೆ 1.1ರಿಂದ, ತಾಪ 10 ಡಿಗ್ರಿ ಏರಿದರೆ ಮತ್ತೆ 1.1ರಿಂದ, ಒಣ ಹುಲ್ಲಾದರೆ 1.2ರಿಂದ, ಒದ್ದೆ ಹುಲ್ಲಾದರೆ 1.3ರಿಂದ ಗುಣಿಸಬೇಕು. ಕೊನೆಗೆ ಸುರಕ್ಷತೆಗೆಂದು 1.33. ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿಯಲ್ಲಿ 250 ಮೀಟರ್ ಸಾಕಾಗುವ ವಿಮಾನಕ್ಕೆ ಜಕ್ಕೂರಿನ 25 ಡಿಗ್ರಿ ಬೆಳಗಿನಲ್ಲಿ ಟಾರಿನ ಮೇಲೇ ಸುಮಾರು 490 ಮೀಟರ್ ಹಿಡಿಯಬೇಕು, ಒಣ ಹುಲ್ಲಿನ ಮೇಲೆ 585ರ ಹತ್ತಿರ. ಇಂಗ್ಲೆಂಡಿನ ಅಂದಾಜನ್ನು ಹಾಗೆಯೇ ಎತ್ತಿ ತಂದವನು ಪಟ್ಟಿಯ ಕೊನೆಯ ಬೇಲಿಗೆ ಹೋಗಿ ಗುದ್ದುತ್ತಾನೆ.

ವಿಮಾನ ನಿಲ್ಲಿಸುವ ಜಾಗವನ್ನು ಅಳೆದು ಸುಣ್ಣದ ಗೆರೆ ಹಾಕಬೇಕು. ಟೈಗರ್ ಮಾತ್ ರೆಕ್ಕೆಯಿಂದ ರೆಕ್ಕೆಗೆ 9 ಮೀಟರಿಗೆ ಸ್ವಲ್ಪ ಕಡಿಮೆ, ಉದ್ದ 7.3 ಮೀಟರ್. ಒಂದಕ್ಕೆ 12 ಮೀಟರ್ ಅಗಲ ಬಿಡಿ, ಸಾಲು ಸಾಲಿನ ನಡುವೆ 20 ಮೀಟರ್ ದಾರಿ ಬಿಡಿ. ನೆಲದ ಮೇಲಿದ್ದಾಗ ಇದರ ಮೂಗು ಮೇಲಕ್ಕೆದ್ದಿರುವುದರಿಂದ ಪೈಲಟ್‌ಗೆ ಮುಂದಿನದು ಕಾಣುವುದಿಲ್ಲ, ಹಾವಿನಂತೆ ಅತ್ತಿತ್ತ ತಿರುಗಿಸುತ್ತಾ ಬರುತ್ತಾನೆ. ಒಂದೊಂದು ರೆಕ್ಕೆಯ ತುದಿಗೂ ಒಬ್ಬ ನಡೆಯಬೇಕು. ಹಿಡಿಯುವುದಾದರೆ ಎರಡು ರೆಕ್ಕೆಗಳ ನಡುವಿನ ಕಂಬದ ಬುಡವನ್ನು ಹಿಡಿಯಬೇಕು. ರೆಕ್ಕೆಯ ಹಿಂಬದಿ ಅಂಚನ್ನು ಹಿಡಿದರೆ ಒಳಗಿನ ಮರ ಲಟಕ್ಕನೆ ಮುರಿಯುತ್ತದೆ. ನಿಂತ ಮೇಲೆ ಎರಡು ರೆಕ್ಕೆ, ಒಂದು ಬಾಲ, ಹೀಗೆ ಮೂರು ಕಡೆ ತಿರುಪಿನ ಗೂಟ ಹಾಕಿ ಹಗ್ಗದಲ್ಲಿ ಕಟ್ಟಬೇಕು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಪ್ರೊಪೆಲರ್ ಕೈಯಲ್ಲಿ ತಿರುಗಿಸಿ ಎಂಜಿನ್ ಎಬ್ಬಿಸುವಾಗ. ಟೈಗರ್ ಮಾತ್‌ನ ಜಿಪ್ಸಿ ಮೇಜರ್ ಎಂಜಿನ್ನಿನ ನಾಲ್ಕೂ ಸಿಲಿಂಡರುಗಳು ತಲೆಕೆಳಗಾಗಿವೆ. ರಾತ್ರಿ ನಿಂತಿದ್ದರೆ ಎಣ್ಣೆ ಸಿಲಿಂಡರಿನೊಳಗೆ ಇಳಿದಿರುತ್ತದೆ. ಸ್ವಿಚ್ ಆಫ್ ಮಾಡಿ ಪ್ರೊಪೆಲರನ್ನು ನಿಧಾನ ತಿರುಗಿಸಿ ನೋಡಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು, ಪ್ಲಗ್ ಬಿಚ್ಚಿ ಎಣ್ಣೆ ಬಸಿಯಬೇಕು. ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಮೇಲೆ ಗಾಲಿಗಳಿಗೆ ಹಗ್ಗ ಕಟ್ಟಿದ ಚಾಕ್ಸ್ ಎಂಬ ತಡೆಗಟ್ಟೆ ಒಡ್ಡಿ, ಪೆಟ್ರೋಲ್ ತೊಟ್ಟಿಕ್ಕುವವರೆಗೆ ಕಾರ್ಬ್ಯುರೇಟರ್ ತುಂಬಿಸಿ, ಸ್ವಿಚ್ ಆಫ್ ಇರುವಾಗಲೇ ಪ್ರೊಪೆಲರಿನ ಅಲಗನ್ನು ನಾಲ್ಕು ಸಲ ಎಳೆಯಬೇಕು. ಬಳಿಕ ಎದುರು ನಿಂತವನು 'ಥ್ರಾಟಲ್ ಸೆಟ್, ಕಾಂಟ್ಯಾಕ್ಟ್' ಎಂದು ಕೂಗುತ್ತಾನೆ, ಪೈಲಟ್ ಅದನ್ನೇ ತಿರುಗಿ ಕೂಗಿ ಆಮೇಲೆ ಸ್ವಿಚ್ ಹಾಕುತ್ತಾನೆ. ಸದ್ದಿನಲ್ಲಿ ಮಾತು ಕೇಳದಿದ್ದರೆ ಹೆಬ್ಬೆರಳ ಸನ್ನೆ. ಯಾವಾಗಲೂ ಸ್ವಿಚ್ ಆನ್ ಇದೆ ಎಂದೇ ತಿಳಿದು ಅಲಗು ಮುಟ್ಟಬೇಕು. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊದ ಒಂದು ತಂತಿ ಕಿತ್ತಿದ್ದರೆ ಸ್ವಿಚ್ ಆಫ್ ಮಾಡಿದ್ದೂ ಆನ್ ಮಾಡಿದಂತೆಯೇ.

ನಮ್ಮ ಕ್ಲಬ್ಬುಗಳಲ್ಲಿ ಪುಷ್ಪಕ್‌ನ ಮೇಲೆ ಕೈ ಪಳಗಿದವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಪುಷ್ಪಕ್‌ನ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ ಒಂದು ಕಡೆ ತಿರುಗಿದರೆ ಜಿಪ್ಸಿ ಇನ್ನೊಂದು ಕಡೆ ತಿರುಗುತ್ತದೆ. ಎದುರು ನಿಂತವನಿಗೆ ಪುಷ್ಪಕ್‌ನಲ್ಲಿ ಎಡಗಡೆಯ ಅಲಗು ಕೆಳಗಿಳಿಯುತ್ತದೆ, ಟೈಗರ್ ಮಾತ್‌ನಲ್ಲಿ ಬಲಗಡೆಯದು. ಅಭ್ಯಾಸಬಲದಿಂದ ಹಿಂದೆ ಸರಿಯುವವನು ತಪ್ಪು ಕಡೆಗೆ ಸರಿಯುತ್ತಾನೆ. ನಮ್ಮ ಊರುಗಳಲ್ಲಿ ತೇರಿನ ಗಾಲಿಗೆ ಸನ್ನೆ ಹಾಕುವವರನ್ನು ನೋಡಿ: ಆ ಕೆಲಸಕ್ಕೆ ಪಳಗಿದವರೇ ಬೇಕು, ಜನ ಎಷ್ಟೇ ನೂಕಲಿ ಅವರ ಕಣ್ಣು ಗಾಲಿಯ ಮೇಲೆಯೇ ಇರುತ್ತದೆ. ಪ್ರೊಪೆಲರಿನ ಮುಂದೆ ನಿಲ್ಲಬೇಕಾದವರು ಅಂಥವರು.

ಇಂಧನವನ್ನು ವಿಮಾನ ಬಂದ ಕೂಡಲೇ ತುಂಬಿಸಬೇಕು. ಹೊರಡುವಾಗ ತುಂಬಿಸುತ್ತೇವೆ ಎಂದರೆ ಮಧ್ಯಾಹ್ನ ಮೋಡ ಕಟ್ಟುತ್ತಲೇ ಎಲ್ಲರೂ ಒಟ್ಟಿಗೆ ಬೌಸರ್ ಎಂಬ ಇಂಧನ ಟ್ಯಾಂಕರಿನ ಮುಂದೆ ಸಾಲು ನಿಲ್ಲುತ್ತಾರೆ. ಟೈಗರ್ ಮಾತ್ ಟ್ಯಾಂಕಿಗೆ 86 ಲೀಟರ್ ಹಿಡಿಯುತ್ತದೆ, ಗಂಟೆಗೆ ಸುಮಾರು 30 ಲೀಟರ್ ಕುಡಿಯುತ್ತದೆ. ತಲೆಗೆ 50 ಲೀಟರ್ ಎಂದರೆ 12 ವಿಮಾನಕ್ಕೆ 600 ಲೀಟರ್, 200 ಲೀಟರಿನ ಮೂರು ಡ್ರಮ್ಮು. ಮುಚ್ಚಳ ತೆಗೆಯುವ ಮೊದಲು ಅರ್ಥಿಂಗ್ ತಂತಿ ಹಾಕಿರಬೇಕು. ಅಗ್ನಿಶಾಮಕ ದಳದವರನ್ನು ಹಿಂದಿನ ದಿನವೇ ಕರೆದು ವಿಮಾನ ತೋರಿಸಬೇಕು: ಟ್ಯಾಂಕ್ ಇರುವುದು ಪೈಲಟ್‌ನ ತಲೆಯ ಮುಂದೆ, ಮೇಲಿನ ರೆಕ್ಕೆಯ ನಡುಭಾಗದಲ್ಲಿ; ರೆಕ್ಕೆ ಮರ ಮತ್ತು ಬಟ್ಟೆಯದು, ಹೊತ್ತಿದರೆ ಕ್ಷಣದಲ್ಲಿ ಹೋಗುತ್ತದೆ; ಎದೆಪಟ್ಟಿ ಕತ್ತರಿಸಬೇಕಿಲ್ಲ, ಒಂದು ಪಿನ್ ಎಳೆದರೆ ಬಿಚ್ಚಿಕೊಳ್ಳುತ್ತದೆ.

ಕಾರು ನಿಲ್ಲಿಸುವ ಜಾಗದಲ್ಲಿ ಎರಡು ದೇಶದ ಕಷ್ಟ ಒಂದಕ್ಕೊಂದು ತಿರುವುಮುರುವು. ಇಂಗ್ಲೆಂಡಿನಲ್ಲಿ ಮಳೆ ಬಂದು ಕಾರುಗಳು ಕೆಸರಿನಲ್ಲಿ ಹೂತುಹೋಗುತ್ತವೆ, ಎಳೆಯಲು ಟ್ರ್ಯಾಕ್ಟರ್ ಇಟ್ಟಿರುತ್ತಾರೆ. ನಮ್ಮಲ್ಲಿ ಒಣಹುಲ್ಲು. 2019ರ ಫೆಬ್ರುವರಿಯಲ್ಲಿ ಏರೋ ಇಂಡಿಯಾದ ಪಾರ್ಕಿಂಗ್ ಬಯಲಿನಲ್ಲಿ ಬೆಂಕಿ ಬಿದ್ದು ಮುನ್ನೂರರ ಹತ್ತಿರ ಕಾರುಗಳು ಸುಟ್ಟುಹೋದದ್ದನ್ನು ಬೆಂಗಳೂರು ಮರೆತಿಲ್ಲ. ಹುಲ್ಲು ಕೊಯ್ದರೆ ಸಾಲದು, ಕೊಯ್ದದ್ದನ್ನು ಸಾಗಿಸಬೇಕು. ಬೆಂಕಿ ಹರಡದಂತೆ ಐವತ್ತು ಕಾರಿಗೊಂದು ಉತ್ತ ಪಟ್ಟಿ, ಹಿಂದಿನ ಸಂಜೆ ಟ್ಯಾಂಕರ್ ನೀರು.

ಹದ್ದುಗಳ ಕಾಟವೂ ನಮ್ಮದೇ. ಏರೋ ಇಂಡಿಯಾ ಸಮಯದಲ್ಲಿ ಯಲಹಂಕದ ಸುತ್ತ ಮಾಂಸ ಮಾರಾಟ ನಿಲ್ಲಿಸುವುದು ಅದಕ್ಕೇ. ಜಕ್ಕೂರಿನ ಪಕ್ಕದಲ್ಲಿ ಕೆರೆ ಬೇರೆ ಇದೆ. ತಿಂಡಿ ಮಳಿಗೆಯ ಎಂಜಲೆಲೆ ತೆರೆದಿಡದಂತೆ ನೋಡಿಕೊಳ್ಳುವುದು ಕೂಡ ವಿಮಾನ ಸುರಕ್ಷತೆಯ ಕೆಲಸವೇ. ಊಟದ ಏರ್ಪಾಡಿನಲ್ಲಿ ಮಾತ್ರ ಇಂಗ್ಲಿಷರೇ ನಮ್ಮಿಂದ ಕಲಿಯಬೇಕು. ಇಲ್ಲಿ ಒಂದು ತಟ್ಟೆ ಚಿಪ್ಸಿಗೆ ಉದ್ದನೆಯ ಸಾಲು ಸಾಮಾನ್ಯ. ಸಾವಿರ ಜನಕ್ಕೆ ಪಂಕ್ತಿ ಹಾಕಿ ಬಡಿಸುವುದು ನಮ್ಮ ಯಾವುದೇ ಮಠದವರಿಗೆ ನಿತ್ಯದ ಕೆಲಸ.

ನಮ್ಮ ಪದ್ಧತಿಯಲ್ಲಿ ಬದಲಾಗಲೇಬೇಕಾದದ್ದು ಮುಖ್ಯ ಅತಿಥಿಗಾಗಿ ಕಾಯುವ ರೂಢಿ. ಇಂಗ್ಲೆಂಡಿನಲ್ಲಿ ಹಾರಾಟದ ಹೊತ್ತು ಪೈಲಟ್‌ಗಳಿಗೆ ಹೊರಡಿಸುವ ನೋಟಾಮ್ ಎಂಬ ಸೂಚನೆಯಲ್ಲಿ ಪ್ರಕಟವಾಗಿರುತ್ತದೆ, ಯಾರಿಗಾಗಿಯೂ ಅದು ಸರಿಯುವುದಿಲ್ಲ. ಜಕ್ಕೂರಿಗೆ ಒಂದು ಕಡೆ ಯಲಹಂಕದ ವಾಯುನೆಲೆ, ಇನ್ನೊಂದು ಕಡೆ ದೇವನಹಳ್ಳಿಯ ವಿಮಾನ ನಿಲ್ದಾಣ. ಅವರಿಬ್ಬರೂ ಒಪ್ಪಿ ಬಿಟ್ಟುಕೊಟ್ಟ ಹೊತ್ತು ದಾಟಿದರೆ ಮತ್ತೆ ಸಿಗದು. ಬಿಸಿಲೇರಿದಂತೆ ಗಾಳಿಯೂ ಏರುತ್ತದೆ. ದೀಪ ಬೆಳಗುವುದು, ಹಾರ, ಭಾಷಣ ಎಲ್ಲ ವಿಮಾನಗಳು ನಿಂತ ಮೇಲೆ ನಡೆಯಲಿ.

ವಿಮಾನಗಳು ಎಲ್ಲಿಂದ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಹಾರುವ ಸ್ಥಿತಿಯ ಹಳೇ ವಿಮಾನಗಳು ಕಡಿಮೆ, ನಿಜ. ಆದರೆ ವಾಯುಪಡೆಯ ವಿಂಟೇಜ್ ವಿಭಾಗದಲ್ಲಿ ಟೈಗರ್ ಮಾತ್ ಇದೆ, ಹಳೇ ಸಾಗಣೆ ವಿಮಾನ ಡಕೋಟಾ ಇದೆ. ಆ ಡಕೋಟಾ ಇಂಗ್ಲೆಂಡಿನಲ್ಲೇ ದುರಸ್ತಿಯಾಗಿ 2018ರಲ್ಲಿ ಕವೆಂಟ್ರಿಯಿಂದ ಹಾರಿಕೊಂಡು ಬಂತು. ಅದನ್ನು ಕೊಟ್ಟವರು ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್. ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲು ಹಾರಿದ್ದು ಬೆಂಗಳೂರಿನಲ್ಲೇ, ಅದನ್ನು ರೂಪಿಸಿದ್ದು ವಿ.ಎಂ. ಘಾಟಗೆಯವರ ತಂಡ. ಹಾರದಿದ್ದರೂ ಒಂದನ್ನು ತಂದು ನಿಲ್ಲಿಸಿದರೆ ಜನ ಸುತ್ತಿ ಬಂದು ನೋಡುತ್ತಾರೆ. ತಯಾರಿಕೆ 1985ಕ್ಕೇ ನಿಂತ ಸೆಸ್ನಾ 152ಗಳನ್ನೂ ಸೇರಿಸಿಕೊಂಡರೆ ಹನ್ನೆರಡು ವಿಮಾನ ಕೂಡಿಸುವುದು ಅಸಾಧ್ಯವೇನಲ್ಲ. ಇಂಥ ಎಂಜಿನ್‌ಗಳಿಗೆ ಹಾಕುವ ಏವಿಗ್ಯಾಸ್ ಎಂಬ ವಿಮಾನ ಪೆಟ್ರೋಲ್ ಕೂಡ 2022ರಿಂದ ಇಂಡಿಯನ್ ಆಯಿಲ್‌ನವರೇ ತಯಾರಿಸುತ್ತಿದ್ದಾರೆ.

ನನ್ನ ಆಯ್ಕೆ ಜನವರಿಯ ಒಂದು ಭಾನುವಾರ. ಮಂಜು ಕರಗಿದ ಮೇಲೆ, 8ರಿಂದ 10ರೊಳಗೆ ಎಲ್ಲ ವಿಮಾನಗಳೂ ಇಳಿದಿರಬೇಕು. ರೇಡಿಯೊ ಇಲ್ಲದವಕ್ಕೆ ಮೊದಲ ಅರ್ಧ ಗಂಟೆ ಮೀಸಲು, ಅವಕ್ಕೆ ಹಸಿರು-ಕೆಂಪು ದೀಪದ ಸಂಜ್ಞೆ. ಇಳಿದ ಮೇಲೆ ಹಗ್ಗ ಕಟ್ಟಿ, ಎಂಜಿನ್‌ಗಳೆಲ್ಲ ನಿಂತದ್ದು ಖಾತ್ರಿ ಮಾಡಿಕೊಂಡು ಜನರನ್ನು ಒಳಗೆ ಬಿಡಬೇಕು. ಹುಲ್ಲುಪಟ್ಟಿಗೆ ನಮ್ಮ ಗರಿಕೆಯೇ ಒಳ್ಳೆಯದು. ತುಳಿತ ತಡೆಯುತ್ತದೆ, ಮಣ್ಣು ಬಿಗಿ ಹಿಡಿಯುತ್ತದೆ. ಅದು ಬೇರು ಬಿಡಲು ಒಂದು ಮಳೆಗಾಲ ಪೂರ್ತಿ ಬೇಕಾದ್ದರಿಂದ ನೆಲ ಮಟ್ಟ ಮಾಡಿ ನಾಟಿ ಮುಗಿಸುವ ಕೆಲಸ ಹಿಂದಿನ ಜೂನ್‌ನಲ್ಲೇ ಆಗಿರಬೇಕು.