ಹೊಸ ಹಾಡಿಗೆ ವಿನೈಲ್ ತಟ್ಟೆ ಬೇಕೆ?

ಪರ

1982ರಲ್ಲಿ ಬಂದ ಸಿಡಿ, ಎಲ್‌ಪಿ ಎಂಬ ವಿನೈಲ್ (ಪ್ಲಾಸ್ಟಿಕ್) ತಟ್ಟೆಯನ್ನು ಮೂಲೆಗೆ ತಳ್ಳಿತ್ತು. 2022ರಲ್ಲಿ ಅಮೆರಿಕದಲ್ಲಿ ಸಿಡಿಗಿಂತ ಹೆಚ್ಚು ವಿನೈಲ್ ತಟ್ಟೆಗಳು ಮಾರಾಟವಾದವು. 1987ರ ನಂತರ ಹೀಗಾದದ್ದು ಅದೇ ಮೊದಲು. ಇದಕ್ಕೆ ಕಾರಣವಿದೆ.

ತಟ್ಟೆಯ ಒಂದು ಬದಿಗೆ 18ರಿಂದ 20 ನಿಮಿಷ ಹಾಡು ಹಿತವಾಗಿ ಹಿಡಿಸುತ್ತದೆ. ಅದಕ್ಕಿಂತ ತುರುಕಿದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ದನಿ ಕುಗ್ಗುತ್ತದೆ, ಚಟಪಟ ಸದ್ದು ಮುಂದೆ ಬರುತ್ತದೆ. ಹೀಗಾಗಿ ಯಾವ ಹಾಡು ಇರಬೇಕು, ಯಾವುದು ಮೊದಲು ಬರಬೇಕು ಎಂದು ಕಲಾವಿದರು ಕೂತು ಯೋಚಿಸಲೇಬೇಕಾಗುತ್ತದೆ. ಆ ಕ್ರಮದಲ್ಲಿ ಕೇಳಿದಾಗಲೇ ಆಲ್ಬಂ ಒಂದು ಕೃತಿ ಅನ್ನಿಸುವುದು. ಜೊತೆಗೆ, ಪರವಾನಗಿ ಮುಗಿದ ದಿನ ಸ್ಟ್ರೀಮಿಂಗ್‌ನಿಂದ ಹಾಡು ಮಾಯವಾಗಬಹುದು. ಕಪಾಟಿನಲ್ಲಿರುವ ತಟ್ಟೆ ಎಲ್ಲಿಗೂ ಹೋಗದು.

ಗೆರೆಯಲ್ಲಿ ಸಾಗಿ ಹಾಡು ನುಡಿಸುವ ಮುಳ್ಳು ಹಾರುತ್ತದೆ, ದನಿ ಒಡೆಯುತ್ತದೆ ಎಂಬ ದೂರುಗಳಲ್ಲಿ ಬಹುಪಾಲು ಜೋಡಣೆಯ ತಪ್ಪು. ತಟ್ಟೆ ತಿರುಗಿಸುವ ಟರ್ನ್‌ಟೇಬಲ್ಲನ್ನು ಮಟ್ಟವಾಗಿ ಇಡಿ. ಆಂಟಿಸ್ಕೇಟ್ (ಮುಳ್ಳು ಒಳಕ್ಕೆ ಎಳೆಯದಂತೆ ತಡೆಯುವ ಗುಂಡಿ) ಸೊನ್ನೆಗಿಟ್ಟು, ಮುಳ್ಳು ಹೊತ್ತ ತೋಳಾದ ಟೋನ್‌ಆರ್ಮ್ ತಕ್ಕಡಿಯಂತೆ ಸಮನಾಗಿ ತೇಲುವ ತನಕ ಹಿಂದಿನ ತೂಕದ ಗುಂಡನ್ನು ತಿರುಗಿಸಿ. ಅಲ್ಲಿ ಅಂಕಿಯ ಬಳೆಯನ್ನು ಸೊನ್ನೆಗೆ ತಂದು, ಬಳಿಕ ಗುಂಡನ್ನೂ ಬಳೆಯನ್ನೂ ಒಟ್ಟಿಗೆ ತಿರುಗಿಸಿ ಕಾರ್ಟ್ರಿಜ್ (ಮುಳ್ಳು ಕೂರುವ ತುದಿಯ ಭಾಗ) ತಯಾರಕರು ಹೇಳಿದ ಭಾರಕ್ಕೆ ನಿಲ್ಲಿಸಿ. ಸಾಮಾನ್ಯವಾಗಿ ಅದು ಸುಮಾರು 2 ಗ್ರಾಂ. ಆಂಟಿಸ್ಕೇಟನ್ನೂ ಅದೇ ಅಂಕಿಗೆ ಇಡಿ. ಭಾರ ಕಡಿಮೆ ಮಾಡಿದರೆ ತಟ್ಟೆ ಹೆಚ್ಚು ಬಾಳುತ್ತದೆ ಎಂದು ನಂಬುವವರಿದ್ದಾರೆ. ಆದರೆ ತೂಕ ಸಾಲದ ಮುಳ್ಳು ಗೆರೆಯೊಳಗೆ ಕುಪ್ಪಳಿಸಿ ಗೋಡೆಗಳನ್ನು ಕೆತ್ತುತ್ತದೆ. ಹಾನಿ ಅದರಿಂದಲೇ ಹೆಚ್ಚು.

ವಿರೋಧ

ಆಲ್ಬಂನ ಕ್ರಮಕ್ಕೆ ಬೆಲೆ ಕೊಡುವ ಮಾತು ಒಪ್ಪಿದೆ. ಆದರೆ ತಟ್ಟೆಯ ಆಕಾರವೇ ಆ ಕ್ರಮಕ್ಕೆ ದ್ರೋಹ ಬಗೆಯುತ್ತದೆ. ನಿಮಿಷಕ್ಕೆ 33⅓ ಸುತ್ತು ಹೊರಗೂ ಒಳಗೂ ಒಂದೇ. ಹೊರಗಿನ ಗೆರೆ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಸರಿದರೆ, ಒಳಗಿನದು 21 ಮಾತ್ರ. ಅದೇ ದನಿಯನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೊರೆದಿರುತ್ತಾರೆ. ಪ್ರತಿ ಬದಿಯ ಕೊನೆಯ ಹಾಡಿನಲ್ಲಿ ಗಾಯಕಿಯ ‘ಸ’, ‘ಶ’ಗಳನ್ನು ಗಮನಿಸಿ: ಉಗುಳಿದಂತೆ ಸಿಡಿಯುತ್ತವೆ. ಒಳ್ಳೆಯ ಮುಳ್ಳು ಇದನ್ನು ತಗ್ಗಿಸೀತು, ಪೂರ್ತಿ ಅಳಿಸದು.

ನಡುವಿನ ತೂತು ಅರ್ಧ ಮಿಲಿಮೀಟರ್ ಆಚೀಚೆಯಾದರೂ ಒಳಗಿನ ಗೆರೆಗಳಲ್ಲಿ ಶ್ರುತಿ ಶೇ 0.8ರಷ್ಟು ಏರಿಳಿಯುತ್ತದೆ, ಅದೂ 1.8 ಸೆಕೆಂಡಿಗೊಮ್ಮೆ. ಪಿಯಾನೊದ ನೀಳ ನಾದ ಓಲಾಡುವುದು ಇದರಿಂದ. ಟೋನ್‌ಆರ್ಮ್ ಪ್ರತಿ ಸುತ್ತಿಗೂ ಎಡಬಲ ತೂಗುತ್ತಿದ್ದರೆ ದೋಷ ತಟ್ಟೆಯದು. ಮೇಲೆ ಹೇಳಿದ ಯಾವ ಜೋಡಣೆಯೂ ಅದನ್ನು ಸರಿಪಡಿಸದು.

ವಿನೈಲ್‌ನಲ್ಲಿ ಮೆಲುದನಿ-ಜೋರುದನಿಗಳ ಅಂತರ ಹೆಚ್ಚು ಎಂದು ಅಂಕಿ ತೋರಿಸುವವರಿಗೆ ಒಂದು ಮಾತು. ಮಾಸ್ಟರ್ (ಪ್ರತಿಗಳನ್ನು ಮಾಡುವ ಮೂಲ ಧ್ವನಿಮುದ್ರಣ) ಒಂದೇ ಆಗಿದ್ದರೂ, ಕೊರೆದು ನುಡಿಸುವಾಗ ತರಂಗದ ಆಕಾರ ಬದಲಾಗಿ ಶಿಖರಗಳು ಎತ್ತರಗೊಳ್ಳುತ್ತವೆ, ಅಳೆಯುವ ಸಾಫ್ಟ್‌ವೇರ್ ಹೆಚ್ಚು ಅಂಕ ಕೊಡುತ್ತದೆ. ಕಿವಿಗೆ ಅಂಥ ವ್ಯತ್ಯಾಸವೇನೂ ಆಗಿರುವುದಿಲ್ಲ. ಇಂದಿನ ಹೆಚ್ಚಿನ ಹೊಸ ತಟ್ಟೆಗಳನ್ನು ಕೊರೆಯುವುದೂ ಡಿಜಿಟಲ್ ಫೈಲಿನಿಂದಲೇ. 16 ಬಿಟ್‌ನ ಸಿಡಿಯಲ್ಲಿ ಮೆಲುದನಿ-ಜೋರುದನಿಗಳ ಅಂತರ ಸುಮಾರು 96 ಡೆಸಿಬೆಲ್ ಇರಬಲ್ಲದು, ತಟ್ಟೆ ಅದರ ಹತ್ತಿರವೂ ಸುಳಿಯದು. ಹಾಡು ನಿಮ್ಮದಾಗಿ ಉಳಿಯಬೇಕೆಂದಿದ್ದರೆ ಫ್ಲ್ಯಾಕ್ ಫೈಲ್ (ಗುಣಮಟ್ಟ ಕಳೆಯದ ಡಿಜಿಟಲ್ ಹಾಡು) ಕೊಂಡು, ಎರಡು ಬೇರೆ ಡಿಸ್ಕ್‌ಗಳಲ್ಲಿ ಪ್ರತಿ ಇಟ್ಟುಕೊಳ್ಳಿ. ಸಾವಿರ ಸಲ ನುಡಿಸಿದರೂ ಸವೆಯದು.