ಡಿಸ್ಕ್ ಹಾಕುವ ಜಾಗ ಇರುವುದನ್ನೇ ತಗೊಳ್ಳಿ

ಮಂಡ್ಯದಲ್ಲಿರುವ ನನ್ನ ಅಕ್ಕನ ಮಗ ಸೆಕೆಂಡ್ ಪಿಯುಸಿ ಮುಗಿಸಿದ. ಪರೀಕ್ಷೆ ಮುಗಿದ ದಿನ ಸಂಜೆಯೇ ಫೋನ್ ಮಾಡಿದ. "ಮಾವ, ಪಿಎಸ್5 ಒಳ್ಳೇದಾ, ಎಕ್ಸ್‌ಬಾಕ್ಸಾ? ಅಮ್ಮ ನಿಮ್ಮನ್ನ ಕೇಳದೆ ದುಡ್ಡು ಕೊಡಲ್ವಂತೆ." ಪಿಎಸ್5 ಅಂದರೆ ಸೋನಿಯ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಮೈಕ್ರೋಸಾಫ್ಟ್‌ನದು. ಎರಡೂ ಟಿವಿಗೆ ಸಿಕ್ಕಿಸಿ ಗೇಮ್ ಆಡುವ ಯಂತ್ರಗಳು. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಇದೇ ಪ್ರಶ್ನೆಯನ್ನು ಬೇರೆಯವರೂ ನನಗೆ ಕೇಳಿದ್ದಾರೆ.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಪಿಎಸ್5 ನಮ್ಮ ದೇಶಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು. ಡಿಸ್ಕ್ ಹಾಕುವ ಮಾಡೆಲ್‌ಗೆ 49,990 ರೂಪಾಯಿ, ಡಿಸ್ಕ್ ಇಲ್ಲದೆ, ಗೇಮ್‌ಗಳನ್ನು ನೆಟ್‌ನಿಂದಲೇ ಇಳಿಸಿಕೊಳ್ಳುವ ಡಿಜಿಟಲ್ ಮಾಡೆಲ್‌ಗೆ 39,990. ಒಳಗಿನ ಚಿಪ್ ಒಂದೇ, ಗೇಮ್‌ಗಳನ್ನು ಇಡುವ 825 ಜಿಬಿ ಎಸ್‌ಎಸ್‌ಡಿ ಕೂಡ ಒಂದೇ. ಆಗ ಸ್ಟಾಕ್ ಬಂದ ಕೆಲವೇ ನಿಮಿಷದಲ್ಲಿ ಖಾಲಿ ಆಗುತ್ತಿತ್ತು. ತಿಂಗಳುಗಟ್ಟಲೆ ಕಾದೆ. ಡಿಜಿಟಲ್ ಸಿಕ್ಕಿತು, ಹತ್ತು ಸಾವಿರ ಉಳಿಯಿತು ಅಂತ ಖುಷಿಪಟ್ಟೆ.

ಕುವೆಂಪುನಗರದ ನನ್ನ ಗೆಳೆಯನಿಗೆ ಡಿಸ್ಕ್ ಮಾಡೆಲ್ ಸಿಕ್ಕಿತು. ಸೋನಿಯದ್ದೇ ದೊಡ್ಡ ಗೇಮ್‌ಗಳಿಗೆ 4,999 ರೂಪಾಯಿ, ಇಬ್ಬರಿಗೂ ಅದೇ ಬೆಲೆ. ಅವನು ಒಂದು ತಿಂಗಳಲ್ಲಿ ಆಡಿ ಮುಗಿಸಿ, ಡಿಸ್ಕನ್ನು 3,200ಕ್ಕೆ ಮಾರಿದ. ಅಂದರೆ ಆ ಗೇಮ್ ಅವನಿಗೆ ಬಿದ್ದದ್ದು 1,800 ರೂಪಾಯಿ. ಆಮೇಲೆ ಅವನೂ ಇನ್ನೂ ಮೂವರೂ ಸೇರಿ, ಒಬ್ಬೊಬ್ಬರು ಒಂದೊಂದು ಡಿಸ್ಕ್ ಕೊಂಡು ಬದಲಾಯಿಸಿಕೊಳ್ಳಲು ಶುರು ಮಾಡಿದರು. ನನ್ನನ್ನೂ ಕರೆದರು. ನನ್ನ ಹತ್ತಿರ ಕೊಡಲು ಏನಿತ್ತು? ಎರಡು ವರ್ಷದಲ್ಲಿ ಆರು ಗೇಮ್ ಕೊಂಡಿದ್ದೆ, ಆರೂ ನನ್ನ ಅಕೌಂಟಿನಲ್ಲೇ ಇವೆ. ಮಾರುವ ಹಾಗಿಲ್ಲ, ಗೆಳೆಯರ ಕೈಗೆ ಕೊಡುವ ಹಾಗೂ ಇಲ್ಲ. ಆನ್‌ಲೈನ್ ಸ್ಟೋರಿನಲ್ಲೂ ಆಫರ್ ಬರುತ್ತದೆ, ನಿಜ. ಆದರೆ ಎಲ್ಲರೂ ಆಡುವಾಗ ನಾವು ಬೆಲೆ ಇಳಿಯಲಿ ಅಂತ ಕಾಯುತ್ತಾ ಕೂರಬೇಕು. ಹತ್ತು ಸಾವಿರ ಎರಡನೇ ವರ್ಷಕ್ಕೇ ಕರಗಿ ಹೋಗಿತ್ತು.

ಆಮೇಲೆ ಬೆಲೆ ಏರಿತು. 2022ರ ನವೆಂಬರ್‌ನಲ್ಲಿ ಡಿಸ್ಕ್ ಮಾಡೆಲ್ 54,990, ಡಿಜಿಟಲ್ 44,990 ಆಯಿತು. 2024ರಲ್ಲಿ ಪಿಎಸ್5ನ ಚಿಕ್ಕ ಮಾಡೆಲ್ ಸ್ಲಿಮ್ ಬಂದಾಗಲೂ ಅದೇ ಬೆಲೆ, ಮಧ್ಯದ ಅಂತರವೂ ಅದೇ ಹತ್ತು ಸಾವಿರ. ಸ್ಲಿಮ್‌ನಲ್ಲಿ ಒಂದು ಒಳ್ಳೆಯದಿದೆ. ಡಿಜಿಟಲ್ ತಗೊಂಡರೂ ಡಿಸ್ಕ್ ಡ್ರೈವನ್ನು ಆಮೇಲೆ ಬೇರೆಯಾಗಿ ಕೊಂಡು ಸಿಕ್ಕಿಸಬಹುದು. ನನ್ನ ಹಳೇ ಮಾಡೆಲ್‌ಗೆ ಆ ದಾರಿ ಇಲ್ಲ.

ಇನ್ನು ಎಕ್ಸ್‌ಬಾಕ್ಸ್. ಅದು 2020ರ ನವೆಂಬರ್ 10ಕ್ಕೇ ಬಂತು. ಆಗ ದೊಡ್ಡದಾದ ಸೀರೀಸ್ ಎಕ್ಸ್ 49,990, ಚಿಕ್ಕದಾದ ಸೀರೀಸ್ ಎಸ್ 34,990. ಶಕ್ತಿಯ ಲೆಕ್ಕ ಹೇಳುವವರು ಸೀರೀಸ್ ಎಕ್ಸ್ 12 ಟೆರಾಫ್ಲಾಪ್, ಪಿಎಸ್5 10.28 ಅಂತ ಜಗಳಕ್ಕೇ ನಿಲ್ಲುತ್ತಾರೆ. ಎರಡರ ಒಳಗೂ ಇರುವುದು ಎಎಂಡಿ ಕಂಪನಿಯ ಚಿಪ್ಪೇ. ಎರಡನ್ನೂ ಗಂಟೆಗಟ್ಟಲೆ ಆಡಿದ್ದೇನೆ, ಟಿವಿ ಮುಂದೆ ಕೂತಾಗ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಕೈಗೆ ಗೊತ್ತಾಗುತ್ತದೆ. ಗೇಮಿನಲ್ಲಿ ಬಿಲ್ಲಿನ ಹಗ್ಗ ಎಳೆದರೆ ಪಿಎಸ್5 ಕಂಟ್ರೋಲರ್‌ನ ಬಟನ್ನೇ ಬಿಗಿಯಾಗುತ್ತದೆ. ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗೆ ಇವತ್ತಿಗೂ ಎರಡು ಸೆಲ್ ಹಾಕಬೇಕು, ಗೋಡೆ ಗಡಿಯಾರಕ್ಕೆ ಹಾಕುತ್ತೇವಲ್ಲ, ಹಾಗೆ. ಆದರೆ ಹಳೇ ಎಕ್ಸ್‌ಬಾಕ್ಸ್ ಗೇಮ್‌ಗಳನ್ನು ಆಡಿಸುವುದರಲ್ಲಿ ಇದರ ಹತ್ತಿರ ಯಾರೂ ಬರುವುದಿಲ್ಲ. ಹಳೇ ಎಕ್ಸ್‌ಬಾಕ್ಸ್ 360 ಕಾಲದ ಎಷ್ಟೋ ಗೇಮ್ ಇದರಲ್ಲಿ ನಡೆಯುತ್ತವೆ.

ಅಕ್ಕನಿಗೆ ಇಷ್ಟವಾದದ್ದು ಸೀರೀಸ್ ಎಸ್. ಕಡಿಮೆ ಬೆಲೆ, ಪುಟ್ಟ ಡಬ್ಬ. ಅವರ ಮನೆ ಟಿವಿ 32 ಇಂಚಿನದು, 4ಕೆ ಅಲ್ಲ, ಅದಕ್ಕೆ ಇದು ಧಾರಾಳವಾಗಿ ಸಾಕು. ಕರೆಂಟನ್ನೂ ಕಡಿಮೆ ಎಳೆಯುತ್ತದೆ. ಆಡುವಾಗ 75 ವ್ಯಾಟ್ ಆಸುಪಾಸು, ಪಿಎಸ್5 ಸುಮಾರು 200 ವ್ಯಾಟ್. ಬೇಸಿಗೆಯಲ್ಲಿ ಕರೆಂಟ್ ಹೋಗುವ ಊರಿನಲ್ಲಿ, ಇನ್ವರ್ಟರ್ ಮೇಲೆ ಆಡುವ ಮನೆಗಳಿಗೆ ಇದು ಸಣ್ಣ ವಿಷಯವಲ್ಲ.

ಆದರೂ ನಾನು ಬೇಡ ಅಂದೆ. ಅದರಲ್ಲಿ ಡಿಸ್ಕ್ ಹಾಕಲು ಜಾಗವೇ ಇಲ್ಲ. 512 ಜಿಬಿಯಲ್ಲಿ ನಮಗೆ ಸಿಗುವುದು 364 ಜಿಬಿ. ರೆಡ್ ಡೆಡ್ ರಿಡೆಂಪ್ಶನ್ 2 ಒಂದೇ 100 ಜಿಬಿಗಿಂತ ಜಾಸ್ತಿ. ಅಂಥ ಮೂರು ಗೇಮ್ ಹಾಕಿದರೆ ಮುಗಿಯಿತು. ಜಾಗ ಹೆಚ್ಚಿಸಲು ಎಕ್ಸ್‌ಬಾಕ್ಸ್‌ಗೆಂದೇ ಮಾಡಿದ ಕಾರ್ಡ್ ಬೇಕು, ಅದು ದುಬಾರಿ. ಪಿಎಸ್5ಗೆ ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವ ಎಂ.2 ಎಸ್‌ಎಸ್‌ಡಿ ಸಾಕು. ನಾನೇ ಮನೆಯಲ್ಲಿ ಸ್ಕ್ರೂ ಬಿಚ್ಚಿ ಹಾಕಿದ್ದೇನೆ.

"ಗೇಮ್ ಪಾಸ್ ಇದೆಯಲ್ಲ ಮಾವ?" ಅಂದ. ಇದೆ, ಬಹಳ ದಿನ ನಾನೂ ಅದನ್ನು ಹೊಗಳಿದ್ದೇನೆ. ಎಕ್ಸ್‌ಬಾಕ್ಸ್‌ಗೆ ತಿಂಗಳ ದುಡ್ಡು ಕಟ್ಟಿ ನೂರಾರು ಗೇಮ್ ಆಡಬಹುದು. ಆದರೆ 2025ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಅಲ್ಟಿಮೇಟ್ ಪ್ಲಾನ್ 20 ಡಾಲರಿನಿಂದ ಒಂದೇ ಏಟಿಗೆ 30 ಡಾಲರ್ ಆಯಿತು. ನಮ್ಮಲ್ಲೂ ಏರಿತು. ದುಡ್ಡು ಕಟ್ಟುವುದು ನಿಲ್ಲಿಸಿದ ತಿಂಗಳು ಆ ಗೇಮ್‌ಗಳೂ ಹೋಗುತ್ತವೆ. ಅದರ ಮೇಲೆ, ಎಕ್ಸ್‌ಬಾಕ್ಸಿನದ್ದೇ ಆದ ಕಾರ್ ರೇಸ್ ಗೇಮ್ ಫೋರ್ಜಾ ಹೊರೈಜನ್ 5 ಕೂಡ 2025ರ ಏಪ್ರಿಲ್‌ನಲ್ಲಿ ಪಿಎಸ್5ಗೆ ಬಂತು. ಅದಕ್ಕೋಸ್ಕರ ಎಕ್ಸ್‌ಬಾಕ್ಸ್ ತಗೊಳ್ಳಬೇಕು ಅನ್ನುವ ಕಾರಣವೂ ಉಳಿಯಲಿಲ್ಲ.

ಇಂಟರ್ನೆಟ್ ವಿಷಯ ಹೇಳಲೇಬೇಕು. ಹೋದ ವರ್ಷ ನಮ್ಮ ಬೀದಿಯಲ್ಲಿ ಚರಂಡಿಗೆ ಅಗೆಯುವಾಗ ಕೇಬಲ್ ಕತ್ತರಿಸಿ, ಒಂಬತ್ತು ದಿನ ನೆಟ್ ಇರಲಿಲ್ಲ. ಆಗಷ್ಟೇ ಕೊಂಡ ಗೇಮ್ ಅರ್ಧ ಡೌನ್‌ಲೋಡ್ ಆಗಿ ನಿಂತಿತ್ತು. ಗೆಳೆಯ ಅಂಥದ್ದೇ ದಿನಗಳಲ್ಲಿ ಡಿಸ್ಕ್ ಹಾಕಿ ಆರಾಮಾಗಿ ಆಡುತ್ತಾನೆ. ಡಿಸ್ಕ್ ಇದ್ದರೂ ಅಪ್‌ಡೇಟ್ ಅಂತ ಒಂದಿಷ್ಟು ಜಿಬಿ ಇಳಿಸಬೇಕಾಗುತ್ತದೆ, ಆದರೆ ಗೇಮಿನ ಬಹುಪಾಲು ಡಿಸ್ಕಿನಿಂದಲೇ ಬಂದುಬಿಡುತ್ತದೆ.

ಕೊನೆಗೆ ಅಕ್ಕ ಒಪ್ಪಿದಳು. ಸ್ಲಿಮ್, ಡಿಸ್ಕ್ ಇರುವ ಮಾಡೆಲ್. ಮೊದಲ ಗೇಮ್ ಹೊಸದು ಬೇಡ ಅಂತ ಅವನೇ ಹೇಳಿದ. ಕುವೆಂಪುನಗರದ ಗೆಳೆಯ ಆಡಿ ಮುಗಿಸಿದ ಎರಡು ಡಿಸ್ಕ್ ಕೊಟ್ಟಿದ್ದಾನೆ, ಭಾನುವಾರ ಮಂಡ್ಯಕ್ಕೆ ಹೋಗುವಾಗ ತಗೊಂಡು ಹೋಗುತ್ತೇನೆ. ಮಂಡ್ಯದಲ್ಲಿ ಪಿಎಸ್5 ಡಿಸ್ಕ್ ಬದಲಾಯಿಸಿಕೊಳ್ಳುವವರು ಯಾರಾದರೂ ಇದ್ದರೆ ದಯವಿಟ್ಟು ಕೆಳಗೆ ತಿಳಿಸಿ, ಹುಡುಗನಿಗೆ ಹೇಳುತ್ತೇನೆ.